ಖಾರದ ಅಂಗಡಿಯಲ್ಲಿ ನಾನು ಕುಳಿತದ್ದು

ಸವಣೂರು
೧೮ ನವೆಂಬರ್ ೨೦೨೪

ಪ್ರೀತಿಯ ಮದಿಹಾ,

ನಿನ್ನ ಅತ್ತಿಗೆಯ ಸಲಾಮು. ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಡಯಾಲಿಸಿಸ್ ಆದ ದಿನ ಒಂದು ತುತ್ತಾದರೂ ಹೊಟ್ಟೆಗೆ ಹೋಗುತ್ತದೆಯೇ? ಹುಬ್ಬಳ್ಳಿಯಲ್ಲಿ ಕುಲಸುಮಬಿ ಖಾಲಾ ನಿನ್ನನ್ನು ಮಗಳಂತೆ ನೋಡಿಕೊಳ್ಳುತ್ತಾರೆಂದು ಗೊತ್ತು, ಆದರೂ ಕೇಳದೆ ಇರಲಾಗುವುದಿಲ್ಲ. ಈದ್ ಆದಮೇಲೆ ಫಯಾಜ ಅಣ್ಣ ನಿನ್ನ ಮುಖ ನೋಡಲು ಬಂದಿಲ್ಲವೆಂದು ನೀನು ಮುನಿಸಿಕೊಂಡಿದ್ದೀಯಂತೆ. ಯಾಕೆಂದು ಹೇಳುತ್ತೇನೆ, ಇಷ್ಟು ದಿನ ಬಾಯಿ ಮುಚ್ಚಿಕೊಂಡು ನನಗೂ ಸಾಕಾಗಿದೆ.

ಅವರು ನಿನಗೆ ಕಿಡ್ನಿ ಕೊಡಲು ಬಂದಾಗ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ, "ರಕ್ತ ಹೊಂದತೈತ್ರಿ, ಆದ್ರ ಈ ಮೈಯಾಗ ಆಪರೇಷನ್ ಬ್ಯಾಡ, ಮೊದಲ ತೂಕ ಇಳಸ್ರಿ" ಎಂದು. ನಿನಗಂತೂ ನಿರಾಳವೇ ಆಯಿತು. "ಚಲೋ ಆತು, ನನ್ನ ಸಲುವಾಗಿ ಅಣ್ಣನ ಹೊಟ್ಟಿ ಕೊಯ್ಯೋದು ಬ್ಯಾಡ" ಎಂದುಬಿಟ್ಟೆ. ಊರಿಗೆ ಮರಳುವಾಗ ಅವರು ಶಿಗ್ಗಾಂವಿಯಲ್ಲೇ ಬಸ್ಸಿನಿಂದ ಇಳಿದರು. ಅಲ್ಲಿ ಒಂದು ತಟ್ಟೆ ಮಿರ್ಚಿ ಭಜಿ ತಿಂದರು, ಕಣ್ಣೀರು ಒರೆಸಿಕೊಳ್ಳುತ್ತಾ ಇನ್ನೊಂದು ತಟ್ಟೆ ತಿಂದರು.

ಖಾರ, ಚಕ್ಕಲಿ ಕರಿದು ಮಾರುವವರಿಗೆ ತಿನ್ನಬೇಡಿ ಎನ್ನುವುದು ಹೇಗೆ ಹೇಳು? ಊಟ ಹೆಚ್ಚಿರಲಿಲ್ಲ, ನಡುನಡುವೆ ಬಾಯಾಡಿಸುವುದೇ ಹೆಚ್ಚು. ಕೇಳಿದರೆ "ಉಪ್ಪು ನೋಡಾಕತ್ತಿದ್ದೆ" ಎನ್ನುವರು. ಮನೆಯ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದೆ, ಜಗಳ ತೆಗೆದೆ. ಕದ್ದು ತಿನ್ನುವುದನ್ನು ಕಲಿತರು, ಅಷ್ಟೇ. ಒಂದು ದಿನ ಅಂಗಡಿಗೆ ಬುತ್ತಿ ಒಯ್ದವಳು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಗಿರಾಕಿ ಇರುವವರೆಗೆ ಅವರು ಏನೂ ಮುಟ್ಟಲಿಲ್ಲ. ಅಂಗಡಿ ಬರಿದಾಗಿ, ಮೊಬೈಲಿನಲ್ಲಿ ನಿನ್ನ ಫೋಟೋ ನೋಡುತ್ತಾ ಕುಳಿತರೆ ಕೈ ತಾನಾಗಿಯೇ ಬುಟ್ಟಿಗೆ ಹೋಗುತ್ತಿತ್ತು. ಹಸಿವಲ್ಲ ಅದು, ಮದಿಹಾ. ಚಿಂತೆ.

ನಿಂತಲ್ಲೇ ಹೇಳಿದೆ, "ನೀವು ಏಳ್ರಿ, ಇನ್ನ ಉಪ್ಪು ನಾ ನೋಡ್ತೇನಿ." ಮರುದಿನದಿಂದ ಗಲ್ಲಾದ ಮುಂದೆ ನಾನು, ಸೈಕಲ್ ಮೇಲೆ ಅವರು. ಯಲವಿಗಿ ಸ್ಟೇಷನ್ ಕಡೆಯ ಅಂಗಡಿಗಳಿಗೆ ಪೊಟ್ಟಣ ಹಾಕಿ ಬರುವ ಕೆಲಸ. ಗಲ್ಲಾದಲ್ಲಿ ಹೆಂಗಸೇ ಎಂದು ಹಳೆಯ ಗಿರಾಕಿ ಮಲ್ಲಿಕಸಾಬ ಚಾಚಾ ಮುಖ ತಿರುಗಿಸಿಕೊಂಡು ಹೋದರು. ಈಗ ಅವರೇ ಬಂದು, "ಬೇಟಿ, ಬಳ್ಳೊಳ್ಳಿ ಹೆಚ್ಚ ಹಾಕಿ ಕಟ್ಟವಾ" ಎನ್ನುತ್ತಾರೆ.

ಎಲ್ಲ ಸಲೀಸಾಗಿ ಆಯಿತೆಂದುಕೊಳ್ಳಬೇಡ. ಬಂಕಾಪುರದ ಒಂದು ಮದುವೆಯ ಊಟದಲ್ಲಿ ಅವರ ಮನಸ್ಸು ಜಾರಿತು, ಅಲ್ಲಿಂದ ಬಂದಮೇಲೂ ಬಾಯಿ ನಿಲ್ಲಲಿಲ್ಲ, ಇಳಿದ ತೂಕ ಮತ್ತೆ ಏರಿತು. ಸೈಕಲ್ಲನ್ನು ಗೋಡೆಗೆ ಒರಗಿಸಿ, "ನನ್ನ ಕೈಲೆ ಆಗೂದಿಲ್ಲ, ಬಿಡು" ಎಂದು ಮಲಗಿಬಿಟ್ಟರು. ನಾನು ಬಯ್ಯಲಿಲ್ಲ. ಮುಂಜಾನೆ ಪೊಟ್ಟಣದ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತು, "ಹೊಡೀರಿ, ನಾನೂ ಬರ್ತೇನಿ" ಎಂದೆ. ಬಜಾರವೆಲ್ಲ ನೋಡುತ್ತಿತ್ತು. ಏದುಸಿರು ಬಿಡುತ್ತಾ ಊರಾಚೆಯವರೆಗೆ ತುಳಿದವರು, ಅಲ್ಲಿ ಕಾಲು ಊರಿ ನಕ್ಕರು ನೋಡು. ಎಷ್ಟು ದಿನವಾಗಿತ್ತು ಆ ನಗು ಕೇಳಿ! ಅಂದಿನಿಂದ ಸೈಕಲ್ ಬಿಟ್ಟಿಲ್ಲ. ದರ್ಜಿ ರಾಜೇಸಾಬರು ಮೊನ್ನೆ ಹಳೆಯ ಪ್ಯಾಂಟು ಬಿಗಿ ಮಾಡಲು ಅಳತೆ ಹಿಡಿದು, "ಇದು ನಿಮ್ಮ ಪ್ಯಾಂಟ ಹೌದಲ್ರಿ?" ಎಂದು ಕೇಳಿದರು.

ನಿನ್ನೆದುರು ಬಂದರೆ ನೀನು ಇಳಿದ ಮೈ ನೋಡಿಯೇ ಕಾರಣ ತಿಳಿದುಕೊಂಡು ತಡೆಯುತ್ತೀಯೆಂದು ಅವರಿಗೆ ಭಯ. ಅದಕ್ಕೇ ಬರಲಿಲ್ಲ.

ಖಾಲಾರಿಗೆ ಸಲಾಮು ತಿಳಿಸು. ಅಲ್ಲಾಹ್ ನಿನ್ನ ಮೈಗೆ ಬಲ ಕೊಡಲಿ.

ನಿನ್ನ
ಸುಮೇರಾ

ತಾ.ಕ.: ಬಸ್ಸಿನ ಹೊತ್ತಾಯಿತು, ಅಕ್ಷರ ಕೆಟ್ಟಿದ್ದರೆ ಬೈಯಬೇಡ. ಡಾಕ್ಟರು ಎಲ್ಲ ಪರೀಕ್ಷೆ ಮತ್ತೆ ಮಾಡಿ ನಿನ್ನೆ ಆಪರೇಷನ್ನಿಗೆ ಒಪ್ಪಿದರು. ಇನ್ನು ನೀನು ಒಪ್ಪುವುದೊಂದೇ ಉಳಿದಿದೆ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ನಿನ್ನ ಅಣ್ಣನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನೀನು ಓದುವಾಗ ಎದುರಿಗೇ ನಿಂತಿರುತ್ತಾರೆ. ಬಾಯಿಬಿಟ್ಟು ಕೇಳಲು ಅವರಿಗೆ ಧೈರ್ಯವಿಲ್ಲ. ತಲೆ ಎತ್ತಿ ಒಮ್ಮೆ ನೋಡು, ಮದಿಹಾ. ಆಮೇಲೆ ನೀನೇ ಹೂಂ ಅನ್ನು.