ನೀಲಿಯದಷ್ಟೇ ಕೇಳಿದ್ದೆ

ಜೂನ್ 9, 2024. ಭಾನುವಾರ

ಆರೂವರೆಯ ಬಸ್ಸು. ಕೋಟೇಶ್ವರದಿಂದ ಹಾಲಾಡಿ, ಅಲ್ಲಿಂದ ಕೆರಾಡಿ. ಈ ಒಂದು ಹಕ್ಕಿಯ ಹಿಂದೆ ಹನ್ನೊಂದನೇ ವರ್ಷ ಇದು. ಹೋದಾಗಲೆಲ್ಲ ಕಾಫಿ ಕೊಡುವ ನಾಗು ಮನೆ ಹಿಂದಿನ ಹಾಡಿಯಲ್ಲಿ, ಮರಗಳ ಸಂದಿಯಲ್ಲಿ, ಒಂದೂವರೆ ಗಂಟೆ ಕೂತೆ. ಕಾಲಿಗೆ ಮೂರು ಇಂಬಳ. ಬಿಳಿ ಹೊಟ್ಟೆಯ ನೀಲಿ ನೊಣಹಿಡುಕ — ಗಂಡು — ತೋಡಿನ ಆಚೆ, ಆಳೆತ್ತರದ ಬಳ್ಳಿಯ ಮೇಲೆ. ಹಾಡು ಮೆಲ್ಲಗೆ, ಅಡುಗೆಮನೆಯಲ್ಲಿ ಯಾರೋ ತಮ್ಮಷ್ಟಕ್ಕೆ ಗುನುಗಿದ ಹಾಗೆ. ಹತ್ತು ನಿಮಿಷಕ್ಕೆ ಏಳು ಹುಳ ಹಿಡಿಯಿತು. ಅದೇ ಕೊಂಬೆಗೆ ವಾಪಸ್.

ಗೂಡು? ಈ ವರ್ಷವೂ ಇಲ್ಲ. ಎಂದಿನಂತೆ ನಾಗುವನ್ನು ಕೇಳಿದೆ, ನೀಲಿ ಹಕ್ಕಿ ಗೂಡು ಕಂಡೆಯಾ ಅಂತ. ಎಂದಿನಂತೆ ಅವಳು, "ನಾ ಕಾಣ್ಲಿಲ್ಲೆ, ಟೀಚರೇ."

ಅನೂಪ್ ಅಂತ ಒಬ್ಬ ಬರುತ್ತಿದ್ದಾನಂತೆ. ಕುಂದಾಪುರದಲ್ಲಿ ಬ್ಯಾಂಕ್ ಕೆಲಸ. ಮೊಳದುದ್ದದ ಕ್ಯಾಮೆರಾ. ಬರಲಿ, ಹಾಡಿ ನನ್ನ ಅಪ್ಪನದ್ದಾ?

ಜೂನ್ 19. ಸಂಜೆ

ಹಕ್ಕಿ ಗ್ರೂಪಿನಲ್ಲಿ ಫೋಟೊ. ಗೂಡು! ತೋಡಿನ ಕಡಿದಾದ ಧರೆಯಲ್ಲಿ ಮಣ್ಣಿನ ಪೊಟರೆ, ಒಳಗೆ ಹಾವಸೆಯ ಮೆತ್ತೆ, ಮೇಲೆ ಕೂತ ಹೆಣ್ಣು. ಕಂದು ಬೆನ್ನು, ಕಿತ್ತಳೆ ಎದೆ, ಚೂರೂ ನೀಲಿಯಿಲ್ಲ. ಹಾಕಿದವನು ಅನೂಪ್. ನಾಲ್ಕು ವಾರದಿಂದ ಬರುವ ಹುಡುಗ! ತೊಂಬತ್ತಾರು ಚಪ್ಪಾಳೆ. ನಾನೂ ಒಂದು ಒತ್ತಿದೆ.

ಊಟ ಸೇರಲಿಲ್ಲ. ಹೊಟ್ಟೆಕಿಚ್ಚಾ? ಹೌದು, ಹೊಟ್ಟೆಕಿಚ್ಚೇ. ಏನೀಗ?

ಜೂನ್ 23. ಭಾನುವಾರ

ನಾಗುವನ್ನು ನಿಲ್ಲಿಸಿಯೇ ಕೇಳಿದೆ. ಹನ್ನೊಂದು ವರ್ಷ ನಿನ್ನ ಜಗಲಿಯಲ್ಲಿ ಕಾಫಿ ಕುಡಿದವಳನ್ನು ಬಿಟ್ಟು ಮೊನ್ನೆ ಬಂದವನಿಗೆ ತೋರಿಸಿದೆಯಾ ಅಂತ. ದನಿ ಏರಿತು. ಅವಳು ಕಕ್ಕಾಬಿಕ್ಕಿ.

"ಹ್ವಾಯ್, ನೀವ್ ಕೇಂಡದ್ದ್ ನೀಲಿ ಹಕ್ಕಿ ಗೂಡ್ ಅಲ್ದಾ? ಇದ್ರಗೆ ಕೂಕಂಬುದ್ ಕೆಂಪ್ ಎದಿದ್. ಅವ್ರ್ ಯಾವ್ ಗೂಡಾರೂ ಇತ್ತಾ ಅಂದ್ರ್, ತೋರ್ಸ್ದೆ. ಅದ್ ಪ್ರತಿ ವರ್ಷ ಅಲ್ಲೇ ಕಟ್ಟತ್ತ್."

ಪ್ರತಿ ವರ್ಷ! ಹೆಣ್ಣಿಗೆ ಬೇರೆ ಬಣ್ಣ ಅಂತ ಶಾಲೆಯಲ್ಲಿ ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೇನೆ. ನಾಗುವಿಗೆ ಹೇಳಿರಲಿಲ್ಲ.

ಮರಿ ಮೂರು. ಅನೂಪನೂ ಇದ್ದ, ದೂರ ಕೂತಿದ್ದ. "ಮೇಡಂ, ಮರಿ ಹಾರುವರೆಗೆ ಇಪ್ಪತ್ತ್ ಅಡಿ ದೂರವೇ ಇಪ್ಪ" ಅಂದ. ನನಗೆ ಪಾಠ!

ಜೂನ್ 26. ಬುಧವಾರ

ಶಾಲೆಗೆ ರಜೆ ಹಾಕಿದೆ. ಜ್ವರ ಅಂತ ಸುಳ್ಳು. ಅನೂಪ ಬ್ಯಾಂಕಿನಲ್ಲಿ, ನಾಗು ಹಾಲಾಡಿ ಪೇಟೆಗೆ. ಇಪ್ಪತ್ತು ಅಡಿಯಿಂದ ನನ್ನ ಫೋನಿನಲ್ಲಿ ಬರೀ ಕಪ್ಪು. ಹತ್ತಿರ ಹೋದೆ. ಗೂಡಿಗೆ ಅಡ್ಡ ಜರಿಗಿಡ. ಚೀಲದಲ್ಲಿ ಕ್ರಾಫ್ಟ್ ಕ್ಲಾಸಿನ ಕತ್ತರಿ ಇತ್ತು... ನಾಲ್ಕೇ ಎಲೆ. ಆಮೇಲೆ ಇನ್ನೆರಡು. ತಾಯಿ ಬಾಯಲ್ಲಿ ಹುಳ ಹಿಡಿದು ಟಿಕ್ ಟಿಕ್ ಅನ್ನುತ್ತಲೇ ಇತ್ತು, ಹತ್ತಿರ ಬರಲಿಲ್ಲ. ಬೇಗ ಬಂದುಬಿಟ್ಟೆ.

ಫೋಟೊ ಚೆನ್ನಾಗಿದೆ. ಅವನದಕ್ಕಿಂತ ಚೆನ್ನ.

ಜೂನ್ 28

ನಾಗು ಫೋನ್. "ಮರಿ ಒಂದೂ ಇಲ್ಲ, ಟೀಚರೇ. ಕೆಂಬೂತ ಕಚ್ಕಂಡ್ ಹೋಪ್ದ್ ಕಂಡೆ. ಎದ್ರಿನ್ ಸೊಪ್ಪೆಲ್ಲ ಯಾರೋ ಕತ್ರ್ಸಿರ್. ಕತ್ರಿ ಅಲ್ಲೇ ಬಿದ್ದಿತ್ತ್. ಅನೂಪಂದೇ, ಮತ್ಯಾರ್? ಫೋಟೊ ಹುಚ್ಚ್! ಇನ್ ಅವ್ರ್ನ ಗೇಟ್ ಒಳ್ಗ್ ಬಿಡುದಿಲ್ಲೆ."

"ಹೌದಾ" ಅಂದೆ. ಅಷ್ಟೇ ಅಂದೆ.

ಯಾರು ಓದುತ್ತಾರೆ ಇದನ್ನು, ಬರೆದಿಡುತ್ತೇನೆ — ಅವನನ್ನು ಬಿಡುವುದಿಲ್ಲ ಅಂದಾಗ ಒಂದು ಗಳಿಗೆ ಖುಷಿ ಆಯಿತು. ಮರಿ ಸತ್ತ ಸುದ್ದಿಯ ಜೊತೆಗೇ.

ಜುಲೈ 7. ಭಾನುವಾರ

ಹೋಗಲಿಲ್ಲ. ಹೋದ ವಾರವೂ ಇಲ್ಲ. ಅನೂಪನ ಮೆಸೇಜು: "ಮೇಡಂ, ನಾ ಕಡಿಲಿಲ್ಲೆ. ನಾಗಕ್ಕಂಗೆ ಒಂದ್ ಮಾತ್ ಹೇಳ್ತ್ರ್ಯಾ? ನೀವ್ ಹೇಳ್ರೆ ನಂಬ್ತ್ರ್." ಓದಿದ್ದು ಅವನಿಗೆ ಗೊತ್ತಾಗಿರುತ್ತದೆ. ಉತ್ತರ ಕೊಡಲಿಲ್ಲ.

ನನ್ನ ಫೋಟೊ ಯಾರಿಗೂ ಕಳಿಸಿಲ್ಲ. ಹೇಗೆ ಕಳಿಸಲಿ? ಅದರಲ್ಲಿ ಜರಿಗಿಡ ಇಲ್ಲ.

ಜುಲೈ 21. ಬೆಳಿಗ್ಗೆ 8.10. ನಾಗು ಜಗಲಿ

ಮತ್ತೆ ಕಟ್ಟಿದೆಯಂತೆ. ಹಳೇ ಗೂಡಿನಿಂದ ನಾಲ್ಕು ಮಾರು ಆಚೆ. "ನಿಮ್ಗ್ ಮಾತ್ರ ಹೇಳದ್ದ್" ಅಂದಳು. ಹನ್ನೊಂದು ವರ್ಷ ಬಯಸಿದ್ದು ಈ ಮಾತನ್ನೇ. ಗಂಡು ಹಾಡುತ್ತಿದೆ. ಕೇಳಲಾಗುತ್ತಿಲ್ಲ.

ಎದುರು ಗೋಡೆಯ ಗೂಡಿನಲ್ಲಿ ಕತ್ತರಿ. ಅನೂಪ ಬಂದರೆ ಮುಖಕ್ಕೆ ಎಸೆಯಲಿಕ್ಕಂತೆ. ಹಿಡಿಗೆ ಕೆಂಪು ನೂಲು — ನಾನೇ ಸುತ್ತಿದ್ದು.

ಅವಳು ಒಳಗೆ ಕಾಫಿ ಸೋಸುತ್ತಿದ್ದಾಳೆ. ಹೇಗೆ ಶುರುಮಾಡಲಿ? ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಬಾಯಿಬಿಟ್ಟು ಹೇಳುತ್ತೇನೆ. ನಾಗು, ಆ ಕತ್ತರಿ