ಕಾರ್ಪೆಟ್ಟಿನಲ್ಲಿ ಸಿಕ್ಕ ಕೇಪು

ಅಪ್ಪಾ,

ನೀನು ತೀರಿಹೋದ ಮೇಲೆ ಇವತ್ತೇ ನಿನ್ನ ನೆಲಮಾಳಿಗೆ ಚೊಕ್ಕ ಮಾಡಲು ಕೈ ಹಾಕಿದ್ದು. ಎಲ್ಕ್ ಜಿಂಕೆಯ ಬೇಟೆಗೆ ನೀನು ಕೈಯಾರೆ ಮದ್ದು ತುಂಬಿ ಕಾಡತೂಸು ಮಾಡುತ್ತಿದ್ದ ಮೇಜಿನ ಕೆಳಗೆ ನನ್ನ ಮಗಳು ಟೆಸ್ಸಾ ವ್ಯಾಕ್ಯೂಮ್ ಹಿಡಿದು ಬಗ್ಗಿದ್ದೇ ತಡ, ನಾನು ವೈರು ಕಿತ್ತು ಕೂಗಿದೆ: "ತಲೆ ಕೆಟ್ಟಿದೆಯೇನೇ ನಿಂಗೆ? ಅಲ್ಲಿ ಕೈಯಲ್ಲೇ ಆರಿಸ್ಬೇಕು!"

ನನಗೆ ಹದಿನಾರಾಗಿದ್ದಾಗ ಇದೇ ಜಾಗದಲ್ಲಿ ನೀನು ನನಗೆ ಕೂಗಿದ ಮಾತು ಅದು. ದನಿಯೂ ನಿನ್ನದೇ.

"ಗುಡಿಸಿಕೊಟ್ರೂ ಬೈಗುಳಾನಾ? ನೀನೇ ಮಾಡ್ಕೋ ಹೋಗಮ್ಮ!" ಟೆಸ್ಸಾ ಮೇಲೆ ಹೋಗಿ ಬಾಗಿಲು ಬಡಿದುಕೊಂಡಳು.

ಮೊಳೆಯಲ್ಲಿ ನೇತಾಡುತ್ತಿದ್ದ ನಿನ್ನ ದಪ್ಪ ಕನ್ನಡಕ ಹಾಕಿಕೊಂಡು, ಮಂಡಿಯೂರಿ ಕಾರ್ಪೆಟ್ ತಡಕಿದೆ. ಒಂದು ಸಿಕ್ಕೇಬಿಟ್ಟಿತು. ಕಾಡತೂಸಿನ ತಳಕ್ಕೆ ಕೂರಿಸುವ ಕೇಪು, ಹೆಸರುಕಾಳಿನಷ್ಟು, ಇನ್ನೂ ಸಿಡಿಯದ್ದು. ವ್ಯಾಕ್ಯೂಮಿನೊಳಗೆ ಹೋಗಿ ತಿರುಗುವ ರೆಕ್ಕೆಗೆ ಬಡಿದಿದ್ದರೆ ಅವಳ ಮುಖದ ಹತ್ತಿರವೇ ಸಿಡಿಯಬಹುದಿತ್ತು. ಮೇಜಿನ ಮೇಲಿದ್ದ ನಿನ್ನ ಕೊನೆಯ ಕೇಪಿನ ಪ್ಯಾಕೆಟ್ಟಿನಲ್ಲಿ ಒಂದೇ ಒಂದು ಗುಳಿ ಖಾಲಿ ಇತ್ತು. ಅದರಲ್ಲಿ ಮೆಲ್ಲಗೆ ಇಟ್ಟೆ.

ಆಮೇಲೆ ಕನ್ನಡಕ ತೆಗೆಯುವುದನ್ನೂ ಮರೆತು ಮೇಲೆ ಹೋಗಿ ಅವಳ ಬಾಗಿಲು ತಟ್ಟಿದೆ.

ಅವತ್ತು ನೀನೂ ಬಂದು ತಟ್ಟಿದ್ದೆ. ನಾನು ರೇಡಿಯೋ ಜೋರು ಮಾಡಿದ್ದೆ.

ಟೆಸ್ಸಾ ಬಾಗಿಲು ತೆಗೆದಳು, ಅಪ್ಪಾ.

ಮಾರ್ನಿ