ಎಣಿಕೆಗೆಂದು ಕರೆಸಿದ ಹಂದಿಗಳು

ತಾಲ್ಲೂಕಿನ ಸಫಾಯಿ ಸಾಹೇಬರ ಸನ್ನಿಧಿಗೆ,

ಮಾನ್ಯರೇ, ಮುದುಕಮ್ಮನ ಹನ್ನೊಂದು ಹಂದಿಗಳನ್ನು ಅವಳ ಬಾಯಿಂದಲೇ ಕರೆಸಿ ಗುಂಡಿಟ್ಟು ಕೊಲ್ಲಿಸಿದಿರಿ. ಅದಕ್ಕೆ ನನ್ನ ಬಾಯನ್ನೂ ಬಳಸಿಕೊಂಡಿರಿ. ಆದ್ದರಿಂದ ಚಾವಡಿ ಗೋಡೆಯಲ್ಲಿ ನಿಮ್ಮ ನೋಟೀಸಿನ ಪಕ್ಕದಲ್ಲೇ ಈ ಕಾಗದವನ್ನು ಅಂಟಿಸುತ್ತಿದ್ದೇನೆ.

ನಾನು ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿಯ ಸಣ್ಣ ಊರಿನವನು. ಅರ್ಜಿ ಬರೆಯುತ್ತೇನೆ, ಉರ್ದುವಿನಲ್ಲಿ ಬಂದ ಸರ್ಕಾರಿ ಕಾಗದಗಳನ್ನು ಜನರಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ಮುದುಕಮ್ಮ ಕೊರವರ ಹೆಣ್ಣುಮಗಳು, ಬುಟ್ಟಿ ಹೆಣೆಯುವವಳು, ಇಪ್ಪತ್ತು ವರ್ಷದಿಂದ ನನ್ನ ನೆರೆಯವಳು. ಹಂದಿ ನನ್ನ ಹೊಸ್ತಿಲ ಕಡೆ ಸುಳಿದರೆ ಸಾಕು, "ಏ ಮೂಳಿ, ಸಾಬಣ್ಣ ನಮಾಜಿಗೆ ನಿಂತಾನ, ಈ ಕಡೆ ಬಾ!" ಎಂದು ಬೈದು ಅಟ್ಟುವಳು. ಎಡಗಿವಿಯ ಎರಡು ಕಚ್ಚು ಅವಳ ಹಂದಿಯ ಗುರುತು. ಸಂಜೆ "ಹುರ್ರೋ" ಎಂದು ಕೂಗಿದರೆ ಊರಿನ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಿದ್ದವು.

ಕಳೆದ ತಿಂಗಳು ನಿಮ್ಮ ನೋಟೀಸು ಬಂತು: ಹಂದಿಗಳನ್ನು ಎಣಿಕೆಗಾಗಿ ಬಯಲಿನಲ್ಲಿ ಹಾಜರುಪಡಿಸತಕ್ಕದ್ದು. ಮುದುಕಮ್ಮ ಎರಡು ಸಲ ಓದಿಸಿದಳು.

"ಸಾಬಣ್ಣ, ಕೊಲ್ಲಾಕ ಅಂತ ಬರದಿಲ್ಲ ಹೌದಲ್ಲೋ?"

"ಇಲ್ಲಬೇ ಯಕ್ಕಾ. ಬರೇ ಎಣಸ್ತಾರಂತ. ಸರ್ಕಾರದ ಕಾಗದ ಐತಿ, ಸುಳ್ಳ ಯಾಕ ಬರೀತಾರ?"

ಅವಳು ಬಯಲಿನಲ್ಲಿ ನಿಂತು ಕೂಗಿದಳು. ಬಂದವು. ನಿಮ್ಮ ಬಂದೂಕಿನವರು ಗೋಡೆಯ ಹಿಂದೆ ಕಾದಿದ್ದರು. ಎಣಿಕೆ ಮಾಡಿದಿರಿ ಸಾಹೇಬರೇ, ಸುಳ್ಳಲ್ಲ. ಸತ್ತ ಮೇಲೆ ಮಾಡಿದಿರಿ.

ಇದೆಲ್ಲ ಯಾತಕ್ಕೆ? ದೊಡ್ಡ ಸಾಹೇಬರು ಈ ದಾರಿಯಲ್ಲಿ ಬರುವವರಿದ್ದರಂತೆ, ಮಸ್ಕಿ ಕಡೆಯ ಗುಡ್ಡದಲ್ಲಿ ಕಾಡುಹಂದಿ ಶಿಕಾರಿಗೆ! ಅವರ ಕಣ್ಣಿಗೆ ಓಣಿಯ ಹಂದಿ ಬೀಳಬಾರದಂತೆ. ಆ ಗುಡ್ಡದ ಹಂದಿ ಇಳಿದು ಜೋಳದ ಹೊಲವನ್ನೆಲ್ಲ ಉತ್ತುಹಾಕಿದರೂ ರೈತ ಕೋಲೆತ್ತುವಂತಿಲ್ಲ. ಅದು ಸಾಹೇಬರಿಗೆ ಮೀಸಲು. ನಮ್ಮ ಹೇಸಿಗೆ ತಿಂದು ಓಣಿ ಚೊಕ್ಕಟ ಇಟ್ಟ ಹಂದಿಗೆ ಮಾತ್ರ ಗುಂಡು. ನಿಮ್ಮ ಇಲಾಖೆ ನಮ್ಮೂರಿಗೆ ಈವರೆಗೆ ಒಂದು ಪೊರಕೆಯನ್ನಾದರೂ ಕಳಿಸಿದೆಯೇ? ಸಫಾಯಿ ಮಾಡುತ್ತಿದ್ದವರು ಯಾರು, ಸಂಬಳ ಎಣಿಸಿದವರು ಯಾರು?

ಹಂದಿಯನ್ನು ಕಾಡಿನಿಂದ ಹಗ್ಗ ಹಾಕಿ ಎಳೆದು ತಂದವರು ಯಾರೂ ಇರಲಿಕ್ಕಿಲ್ಲ. ಮನುಷ್ಯ ಎಸೆದದ್ದನ್ನು ತಿನ್ನುತ್ತ ತಾನೇ ಊರ ಅಂಚಿಗೆ ಬಂದಿರಬೇಕು. ಬಂದದ್ದನ್ನು ಹೊಡೆದೆವು, ತಿಂದೆವು, ಬೈಗುಳ ಮಾಡಿಕೊಂಡೆವು. ಹಿಂದೂಗಳು ಭೂಮಿ ಎತ್ತಿದ ವರಾಹನೆಂದು ಗುಡಿಯಲ್ಲಿ ಕೈಮುಗಿದು ಹೊರಗೆ ಬಂದು ಕಲ್ಲೆಸೆದರು. ನಮ್ಮ ದೀನಿನಲ್ಲಿ ಅದು ಹರಾಮು, ನಾನು ಮುಟ್ಟಿದವನಲ್ಲ. ಆದರೆ ನಂಬಿಸಿ ಕೊಲ್ಲುವುದು ಯಾವ ದೀನಿನಲ್ಲಿ ಹಲಾಲು?

ಅಂದು ಒಂದು ಹಂದಿ ಮಾತ್ರ ಉಳಿಯಿತು. ಜಾಲಿ ಕಂಟಿಯಲ್ಲಿ ಈದು ಮಲಗಿದ್ದರಿಂದ ಬಂದಿರಲಿಲ್ಲ. ಈಗ ಸಂಜೆಯಾದರೆ ಕಂಟಿಯ ಅಂಚಿಗೆ ಬಂದು ನಿಲ್ಲುತ್ತದೆ, ಹಿಂದೆ ಮರಿಗಳು. ಮುದುಕಮ್ಮ ಕೂಗುವುದಿಲ್ಲ. "ಕರದ್ರ ಸಾಯ್ತಾವ ಸಾಬಣ್ಣ" ಎನ್ನುತ್ತಾಳೆ. ಕರೆಯದೆ ಕಂಟಿಯಲ್ಲೇ ಉಳಿದ ಆರು ಮರಿಗಳಲ್ಲಿ ಎರಡನ್ನು ನಾಯಿಗಳು ಆಗಲೇ ಎಳೆದೊಯ್ದಿವೆ. 

ಆ ಹಂದಿಯನ್ನೂ ಉಳಿದ ಮರಿಗಳನ್ನೂ ಮುಟ್ಟುವುದಿಲ್ಲವೆಂದು ಮೊಹರು ಹಾಕಿದ ಹುಕುಂ ಕಳಿಸಿ ಎಂದು ಕೇಳಬೇಕೆಂದಿದ್ದೆ. ಮುದುಕಮ್ಮನಿಗೆ ಹಾಗೆಂದು ಹೇಳಿಯೂ ಹೇಳಿದೆ. ಅವಳು ಬುಟ್ಟಿಯಿಂದ ತಲೆ ಎತ್ತದೆ ಕೇಳಿದಳು: "ಅದನ್ನ ಓದಿ ಹೇಳಾವ್ರು ಯಾರು?"

ಆದ್ದರಿಂದ ಕಾಗದ ಬೇಡ. ನೀವೇ ಬನ್ನಿ, ಸಂಜೆ, ಬಂದೂಕಿಲ್ಲದೆ. ಅವಳ ಎದುರು ನಿಂತು, ಮುಟ್ಟುವುದಿಲ್ಲವೆಂದು ನಿಮ್ಮ ಬಾಯಿಂದಲೇ ಹೇಳಿ. ಮರಿಗಳು ಇನ್ನೂ ನಾಲ್ಕಿವೆ.

ಇಂತಿ,
ನೀವು ಬರೆದದ್ದನ್ನು ಬರೆದಂತೆಯೇ ನಂಬಿ ಓದಿದ
ರಹಮಾನಸಾಬ